ಹೆಡ್‌ಮಾಸ್ಟರಿಗೆ ಹನ್ನೆರಡು ಮಾರ್ಕು

ಮಂಗಳವಾರ, 12ನೇ ತಾರೀಖು

ಪ್ರೀತಿಯ ಅಕ್ಕನಿಗೆ,

ಕೋಳಿ ಕೆದಕಿದ ಹಾಗಿರುವ ಅಕ್ಷರ, ಬಿಟ್ಟುಹೋದ ಒತ್ತು, ಎಲ್ಲವನ್ನೂ ಹೊಟ್ಟೆಗೆ ಹಾಕಿಕೋ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈ ಇದಕ್ಕಿಂತ ನೆಟ್ಟಗೆ ಓಡುವುದಿಲ್ಲ. ಆದರೆ ಒಂದು ವರ್ಷ ಬರೆಯದೆ ಇದ್ದದ್ದಕ್ಕೆ ಅಕ್ಷರದ ನೆಪ ಹೇಳಲಾರೆ.

ನಾನೀಗ ಆಸ್ಪತ್ರೆಯಲ್ಲಿ ಆಯಾ. ಮಲಗಿದ್ದಲ್ಲೇ ಮಲಗಿದವರಿಗೆ ಬೆನ್ನಹುಣ್ಣು ಆಗಬಾರದಲ್ಲ, ಅದಕ್ಕೆ ನಮ್ಮ ದೊಡ್ಡ ಸಿಸ್ಟರು ದಿನಾ ಎಲ್ಲರಿಗೂ ಮಾರ್ಕು ಹಾಕುತ್ತಾರೆ. ತಾವಾಗಿ ಹೊರಳುತ್ತಾರಾ, ಊಟ ಸೇರುತ್ತಾ, ಮೈ ಒದ್ದೆ ಇರುತ್ತಾ ಅಂತೆಲ್ಲ ನೋಡಿ, ಇಪ್ಪತ್ಮೂರಕ್ಕೆ ಇಷ್ಟು ಅಂತ. ಕಡಿಮೆ ಬಂದವರನ್ನು ನಾವು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು.

ಕಿಟಕಿ ಪಕ್ಕ ಒಬ್ಬರು ರಿಟೈರಾದ ಹೆಡ್‌ಮಾಸ್ಟರು, ಸೊಂಟದ ಮೂಳೆ ಮುರಿದಿದೆ. ಮಾರ್ಕು ಅಂದರೆ ಸಾಕು, ಕಣ್ಣರಳುತ್ತದೆ. "ರಾತ್ರಿ ಹೊರಳಿದ್ರಾ?" ಅಂದರೆ "ಬುಗುರಿ ಹಾಗೆ!" ಅನ್ನುತ್ತಾರೆ. ಹತ್ತೊಂಬತ್ತು ಗಿಟ್ಟಿಸಿಕೊಂಡು, ಪಕ್ಕದ ಲಾರಿ ಡ್ರೈವರಣ್ಣನನ್ನು "ನಿಂದೆಷ್ಟಯ್ಯಾ?" ಅಂತ ಕೆಣಕುತ್ತಾರೆ.

ಆದರೆ ಹಾಸಿಗೆ ಹಾಸುವವಳು ನಾನು. ಹೊರಳುವವರ ಬೆಡ್‌ಶೀಟು ಬೆಳಗಾಗುವಷ್ಟರಲ್ಲಿ ಮುದುಡಿ, ಮೂಲೆ ಕಿತ್ತುಬಂದಿರುತ್ತದೆ. ಇವರದು ಮೂರು ದಿನದಿಂದ ನಾನು ಸಿಕ್ಕಿಸಿದ ಹಾಗೇ ಇತ್ತು. ಹಿಮ್ಮಡಿ ಕೆಂಪಗಾಗಿತ್ತು, ಬೆರಳಲ್ಲಿ ಒತ್ತಿ ಬಿಟ್ಟರೂ ಬೆಳ್ಳಗಾಗಲಿಲ್ಲ. ಅಂದರೆ ಹುಣ್ಣು ಶುರು ಅಂತಲೇ. ಹೆಡ್‌ಮಾಸ್ಟರ ಮೇಲೆ ನಾನು ಚಾಡಿ ಹೇಳುವುದೇ? ಕೊನೆಗೆ ಸಿಸ್ಟರ ಹತ್ತಿರ ಪಿಸುಗುಟ್ಟಿದೆ.

"ನಿನ್ ಮಾತು ನಿನಗಾದ್ರೂ ಕೇಳಿಸ್ತಾ? ಗಟ್ಟಿಯಾಗಿ ಹೇಳೇ!"

ಹೇಳಿದೆ. ಇಡೀ ವಾರ್ಡಿಗೆ ಕೇಳಿಸಿತು. ಸಿಸ್ಟರು ಹಿಮ್ಮಡಿ ನೋಡಿ, ಹತ್ತೊಂಬತ್ತು ಹೊಡೆದುಹಾಕಿ ಹನ್ನೆರಡು ಬರೆದರು.

"ಎಷ್ಟನೇ ಕ್ಲಾಸಮ್ಮಾ ನೀನು?" ಹೆಡ್‌ಮಾಸ್ಟರು ಗುಡುಗಿದರು.

"ನಾಲ್ಕು, ಸಾರ್."

"ನಾಲ್ಕನೇ ಕ್ಲಾಸಿನವಳು ನನ್ನ ಫೇಲ್ ಮಾಡಿದ್ಳಲ್ಲಯ್ಯಾ!"

"ಕಾಪಿ ಹೊಡೆದ್ರೆ ಪಾಸ್ ಮಾಡ್ತಾರಾ ಸಾರ್?" ಅಂದ ಡ್ರೈವರಣ್ಣ. ಹೆಡ್‌ಮಾಸ್ಟರೂ ನಕ್ಕುಬಿಟ್ಟರು. ಆಮೇಲೆ ಮೆಲ್ಲಗೆ, "ಹೊರಳಿದ್ರೆ ಪ್ರಾಣ ಹೋಗುತ್ತಮ್ಮಾ. ನಿಮ್ಮನ್ನ ಕರೆಯೋಕೆ ನಾಚಿಕೆ" ಅಂದರು. ನಾಚಿಕೆಯ ಸಂಕಟ ನನಗೆ ಗೊತ್ತಿಲ್ಲವೇ? ಈಗ ಎರಡು ಗಂಟೆಗೊಮ್ಮೆ ನಾನೇ ಹೋಗಿ ಹೊರಳಿಸುತ್ತೇನೆ. ಕೆಂಪು ಇಳಿದಿದೆ.

ಭಾವನಿಗೆ ನಮಸ್ಕಾರ, ಮಕ್ಕಳ ಗಲ್ಲಕ್ಕೆ ಎರಡೆರಡು ಮುತ್ತು. ಎಲ್ಲರೂ ತಣ್ಣಗಿರಿ.

ನಿನ್ನ
ಇಲಿಮರಿ

ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಕೊನೆಗಿಟ್ಟದ್ದು: ಅಮ್ಮನ ಬೆನ್ನಹುಣ್ಣು ಕಂಡ ದಿನ "ನೀನು ನೋಡಿಕೊಂಡಿದ್ದು ಇಷ್ಟೇನಾ?" ಅಂತ ನೆಂಟರೆದುರು ನಿನಗೆ ಅಂದೆ. ಅಮ್ಮ ಹೋದ ಮೇಲೂ ಆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇಲ್ಲಿ ಮೂರು ಪಾಳಿಯಲ್ಲಿ ಇಷ್ಟು ಜನ ಕಾಯುತ್ತೇವೆ, ಆದರೂ ಕೆಲವರಿಗೆ ಆಗಿಬಿಡುತ್ತದೆ. ನೀನು ಎಂಟು ತಿಂಗಳು ಒಬ್ಬಳೇ ಇದ್ದೆ. ತಪ್ಪು ನನ್ನದು, ಅಕ್ಕ. ಇವತ್ತು ಬೆಳಗ್ಗೆ, ಮನೆಯಲ್ಲೇ ಹುಣ್ಣಾಗಿ ಬಂದ ಅಜ್ಜಿಯೊಬ್ಬರ ಮಗಳು ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ಏನೂ ಕೇಳದೆ ಸ್ಟೂಲು ಎಳೆದು ಕೂರಿಸಿ, ಬಿಸಿ ಟೀ ತಂದುಕೊಟ್ಟೆ.