ನಾಲ್ವರು ವಿಲಿಯಂ ಫ್ಲೆಟ್

ಸ್ಮಾರಕ ಸಮಿತಿಯ ಅಧ್ಯಕ್ಷ ಶ್ರೀ ಕಾರ್ಮೈಕಲ್ ಅವರಿಗೆ,

ಕಡಲಲ್ಲಿ ಮುಳುಗಿದ ನಮ್ಮ ಬೆಸ್ತರಿಗಾಗಿ ನೀವು ನಿಲ್ಲಿಸಿದ ಕಲ್ಲನ್ನು ನಿನ್ನೆ ನೋಡಿದೆ. ಪಕ್ಕದ ಫಲಕದಲ್ಲಿ ನೀವು ಬರೆದ ಊರಿನ ಚರಿತ್ರೆಯನ್ನೂ ಓದಿದೆ. ನಮ್ಮ ಮನೆಗಳು ಕಡಲಿಗೆ ಬೆನ್ನು ಹಾಕಿರುವುದು ಭಕ್ತಿಯಿಂದಂತೆ! ಇಲ್ಲಿ ಒಂದು ಚಳಿಗಾಲ ಕಳೆದಿದ್ದರೆ ಗಾಳಿಯೇ ನಿಮಗೆ ಕಾರಣ ಹೇಳುತ್ತಿತ್ತು.

ಅದು ಹೋಗಲಿ. ಊರಿಗೆಲ್ಲ ಇರುವುದು ಮೂರೇ ಮನೆತನದ ಹೆಸರು. ಅದಕ್ಕೇ ಪ್ರತಿಯೊಬ್ಬನಿಗೂ ಒಂದು ಅಡ್ಡಹೆಸರು. ದೋಣಿಯ ಪಟ್ಟಿಯಲ್ಲೂ ಅದೇ, ಚರ್ಚಿನ ಪುಸ್ತಕದಲ್ಲೂ ಅದೇ. ನನ್ನ ಅಪ್ಪ 'ಸಕ್ಕರೆ' ವಿಲಿಯಂ. ಅಡ್ಡಹೆಸರು ಕಲ್ಲಿಗೆ ಗೌರವವಲ್ಲವೆಂದು ನೀವು ಕೆತ್ತಿಸಲಿಲ್ಲ. ಈಗ ಅಲ್ಲಿ ಒಂದರ ಕೆಳಗೊಂದು ನಾಲ್ಕು ವಿಲಿಯಂ ಫ್ಲೆಟ್.

ನನ್ನ ಜೊತೆ ಬಂದಿದ್ದ, ತೊಂಬತ್ತು ದಾಟಿದ ಅಮ್ಮ ಆ ಹೆಸರುಗಳ ಮೇಲೆ ಬೆರಳಿಟ್ಟು ಕೇಳಿದಳು: "ಇದ್ರಲ್ಲಿ ನಮ್ಮೋರು ಯಾರೇ, ಐಸೊಬೆಲ್?"

"ಗೊತ್ತಾಗ್ತಿಲ್ಲಮ್ಮ."

"ಕೆತ್ಸಿದ ಆ ದೊಡ್ಡಮನುಷ್ಯಂಗಾದ್ರೂ ಗೊತ್ತೇನೇ?"

ತಂದ ಹೂವನ್ನು ನಾಲ್ಕು ಪಾಲು ಮಾಡಿ ಇಟ್ಟಳು. ಒಂದು ಪಾಲು 'ಕಾಗೆ' ವಿಲಿಯಂಗೂ ಹೋಯಿತು. ಅವನೊಡನೆ ಜಗಳವಾಡಿದ್ದ ಅಪ್ಪ ಸಾಯುವವರೆಗೂ ಅವನ ಮುಖ ನೋಡಿರಲಿಲ್ಲ.

ಸೋಮವಾರ ಕಲ್ಲುಕುಟಿಗನನ್ನು ಕಳಿಸಿ. ಯಾವ ಹೆಸರಿನ ಮುಂದೆ ಏನು ಕೆತ್ತಬೇಕೆಂದು ಅಮ್ಮ ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಾಳೆ. ನೀವು ಬರುವ ಅಗತ್ಯವಿಲ್ಲ.

ಇತಿ,
ಐಸೊಬೆಲ್ ಫ್ಲೆಟ್
ಮೀನಿಗೆ ಹೊಗೆ ಹಾಕಿ ಒಣಗಿಸುವ ಹೊಗೆಮನೆಯ ಒಡತಿ, ಬಂದರು ಬೀದಿ