ಎಡಗಡೆಯ ಹೂಕುಂಡ

ಅಪ್ಪಾ,

ಗೋಡೆಗೆ ಬಣ್ಣ ಬಳಿಯಲೆಂದು ಇವತ್ತು ನಿನ್ನ ಹೂಕುಂಡವನ್ನು ಕಿಟಕಿಯ ಎಡದಿಂದ ಬಲಕ್ಕೆ ಸರಿಸಿದೆ. ಚಿಕ್ಕವಳಿದ್ದಾಗ ಅದನ್ನು ಮುಟ್ಟಿದ್ದಕ್ಕೇ ನೀನು ನನಗೆ ಹೊಡೆದದ್ದು, ಜನ್ಮದಲ್ಲಿ ಒಂದೇ ಸಲ.

ಮಧ್ಯಾಹ್ನ ಮುದುಕರೊಬ್ಬರು ಕೈಚೀಲ ಹಿಡಿದು, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು.

"ಕುಂಡ ಬಲಕ್ಕೆ ಬಂದ್ರೆ ಗುಟ್ಟು ರಟ್ಟಾಯ್ತು, ಊರು ಬಿಡಬೇಕು ಅಂತ ನಮ್ಮಿಬ್ಬರ ಮಾತು. ಅಲ್ಲೀವರೆಗೆ ಭೇಟಿ ಇಲ್ಲ. ಎಲ್ಲಿ ಅವನು?"

ನೀನು ತೀರಿಕೊಂಡು ವರ್ಷವಾಯಿತೆಂದೆ. ಅವರು ಕುರ್ಚಿ ಹಿಡಿದುಕೊಂಡು ಕುಳಿತರು.

"ನೀನ್ಯಾರಮ್ಮ?"

"ಮಗಳು."

"ಜೊತೆಗೇ ಬೇಹುಗಾರಿಕೆ ಮಾಡಿದ್ವಿ. ಮಗಳಿದ್ದಾಳೆ ಅಂತ ನನ್ನ ಹತ್ರಾನೂ ಬಾಯಿ ಬಿಡ್ಲಿಲ್ಲ. ಅಷ್ಟು ಜೋಪಾನ ಮಾಡಿದ್ದ ನಿನ್ನನ್ನ."

ನೀರು ಕೊಟ್ಟೆ. ನನಗೆ ಅಳು ಬರಲಿಲ್ಲ.

ಅವರು ಬೀದಿಗಿಳಿದಾಗ ಕುಂಡವನ್ನು ಮತ್ತೆ ಎಡಕ್ಕಿಟ್ಟೆ. ತಲೆಯೆತ್ತಿ ನೋಡಿ, ಚೀಲ ಹೆಗಲಿಗೇರಿಸಿ, ನಿಧಾನವಾಗಿ ಮನೆ ಕಡೆ ನಡೆದರು.