ಬಾಗಿಲಿನ ಅಂಗಾಲು

ಮಿಲ್ವಾಕಿ
9 ಅಕ್ಟೋಬರ್ 1991

ಕ್ಯಾಸಿಮಿರ್,

ಮೊದಲು 'ಪ್ರಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಗುರುತು ಕಂಡರೆ ಕಾಣಲಿ.

ಗ್ಯಾರೇಜು ನಿಂತಿದೆ. ಹಿಮ ಬೀಳುವ ಮೊದಲು ಬಾಗಿಲು ಸರಿಯಾಗದಿದ್ದರೆ ಇಡೀ ಗ್ಯಾರೇಜನ್ನೇ ಕೆಡವುತ್ತೇವೆಂದು ನಗರಸಭೆಯವರು ನೋಟಿಸು ಅಂಟಿಸಿದ್ದರಲ್ಲ, ಅದನ್ನು ನಿನ್ನೆ ಅವರೇ ಕಿತ್ತುಕೊಂಡು ಹೋದರು. ಕೆಡವಲಿ ಬಿಡು, ನನ್ನ ತಮ್ಮನಿಗೆ ಹೇಳಿ ತಗಡಿನ ಬಾಗಿಲು ಕಳಿಸುತ್ತೇನೆ ಎಂದು ನೀನು ಅರಿಜೋನಾದ ಬಿಸಿಲಲ್ಲಿ ಕೂತು ಬರೆದಿದ್ದೆ. ಆ ಮರದ ಬಾಗಿಲು ಕಂಡರೆ ನಿನಗೇಕೆ ಆಗದು ಎಂಬುದು ನನಗೂ ಗೊತ್ತು, ಈ ಓಣಿಗೂ ಗೊತ್ತು. ಚರ್ಮದ ಕಾರ್ಖಾನೆಯ ಮುಷ್ಕರದಲ್ಲಿ ಕೊನೆಯವರೆಗೂ ನಿಲ್ಲುತ್ತೇವೆಂದು ಗಂಡಸರೆಲ್ಲ ಅದರ ಒಳಮೈಮೇಲೆ ಹೆಸರು ಬರೆದಿದ್ದರು. ನೀನೂ ಬರೆದೆ. ಬರೆದು, ಮುಷ್ಕರ ಮುಗಿಯುವ ಮೊದಲೇ ಕಾರ್ಖಾನೆಯ ಹಿಂದಿನ ಗೇಟಿನಿಂದ ಕೆಲಸಕ್ಕೆ ನುಗ್ಗಿದೆ.

ಇರಲಿ, ಬಾಗಿಲಿನ ಮಾತಿಗೆ ಬರುತ್ತೇನೆ. ಅಪ್ಪ ಮಾಡಿದ ಜೋಡಿ ಬಾಗಿಲು. ಕೆಳಗಿನ ಅಡ್ಡಹಲಗೆಗೆ ಸ್ಕ್ರೂಡ್ರೈವರ್ ಒತ್ತಿದರೆ ನೆನೆದ ರೊಟ್ಟಿಗೆ ಚುಚ್ಚಿದಂತೆ ಒಳಗಿಳಿಯಿತು. ಪಕ್ಕದ ಮನೆಯ ಕಾನ್ಸುಯೆಲೊ ಮತ್ತು ನಾನು ತಿರುಗಣಿ ಬಿಚ್ಚಿ, ಏದುಸಿರು ಬಿಡುತ್ತಾ ಬಾಗಿಲನ್ನು ಬೆಂಚುಗಳ ಮೇಲೆ ಮಲಗಿಸಿದೆವು. ಆಗ ಕಂಡಿತು ನಿನ್ನ ಕೈಚಳಕ. ಮುಖಕ್ಕೆ ಪದರದ ಮೇಲೆ ಪದರ ಬಣ್ಣ. ಕೊಳೆತ ಕಡೆಯೆಲ್ಲ ಪುಟ್ಟಿ ಮೆತ್ತಿ, ಒದ್ದೆ ಮರದ ಮೇಲೇ ಮತ್ತೆ ಬಣ್ಣ. ಹಿಮ ಕರಗಿಸಲು ಎರಚಿದ ಉಪ್ಪಿನ ಕೆಸರಲ್ಲಿ ನಿಲ್ಲುವ ಕೆಳಅಂಚಿಗೆ, ಬಾಗಿಲಿನ ಅಂಗಾಲಿಗೆ ಮಾತ್ರ ಒಂದು ಹನಿಯೂ ಇಲ್ಲ. ನೀರು ಕುಡಿದದ್ದು ಅಲ್ಲಿಂದಲೇ.

ಕಾನ್ಸುಯೆಲೊ ಬಗ್ಗಿ ನೋಡಿ ಹೇಳಿದಳು: "ಅಲ್ವೇ ಹಲೀನಾ, ನಿನ್ನ ಗಂಡ ಇದಕ್ಕೆ ವರ್ಷಾ ವರ್ಷಾ ಮುಖಕ್ಕೆ ಪೌಡರ್ ಹಚ್ಚಿದ್ದಾನೆ, ಕಾಲು ಒಂದ್ಸಲಾನೂ ನೋಡಿಲ್ವಲ್ಲೇ."

ನಗು ತಡೆಯಲಾಗದೆ ಅಲ್ಲೇ ನೆಲದಲ್ಲಿ ಕೂತೆ. ಆಮೇಲೆ ಸಿಟ್ಟು ಬಂತು. ಈ ದೇಶದಲ್ಲಿ ಎಲ್ಲ ರಿಪೇರಿಯೂ ಹೀಗೆಯೇ ತಾನೇ? ಕಾಣುವ ಕಡೆ ಬಣ್ಣ, ಭಾರ ಹೊರುವವರ ಕಾಲಿಗೆ ಕೆಸರು.

ಮರ ಒಣಗಲೆಂದು ಕಾದೆವು. ಹಳೆಯ ಬಣ್ಣವನ್ನು ಧೂಳೇಳದಂತೆ ತುಸು ನೀರು ಚಿಮುಕಿಸಿ ಕೆರೆದೆವು. ಗಟ್ಟಿ ಮರ ಸಿಗುವವರೆಗೆ ಕೊಳೆತದ್ದನ್ನು ಕತ್ತರಿಸಿ, ಬೇಗ ಕೊಳೆಯದ ಸೀಡರ್ ಮರದ ಹೊಸ ಹಲಗೆ ಕೂರಿಸಿ, ನೀರು ನಿಲ್ಲದೆ ತೊಟ್ಟಿಕ್ಕಲೆಂದು ಅದರ ಅಂಚನ್ನು ಓರೆಯಾಗಿ ಹೆರೆದೆವು. ಬಣ್ಣ ಶುರುಮಾಡಿದ್ದು ಅಂಗಾಲಿನಿಂದ. ಅಲ್ಲಿಗೆ ಮೂರು ಕೈ. ಆಮೇಲೆ ಮುಖ. ಒಳಮೈಯ ಹೆಸರುಗಳಿಗೆ ಬ್ರಷ್ ಸೋಕಿಸಲಿಲ್ಲ.

ನಿನ್ನೆ ಬಂದ ನಗರಸಭೆಯ ತನಿಖಾಧಿಕಾರಿ ಎರಡು ಬಾಗಿಲನ್ನೂ ತೆಗೆದು, ಮುಚ್ಚಿ, ಯಾವ ಅಂಗಡಿಯಲ್ಲಿ ಕೊಂಡಿರಿ ಎಂದು ಕೇಳಿದ.

"ನಮ್ಮಪ್ಪ ಮಾಡಿದ್ದು, ನಾವು ಎಬ್ಬಿಸಿ ನಿಲ್ಲಿಸಿದ್ದು" ಎಂದೆ. "ಅನುಮಾನ ಇದ್ರೆ ಚುಚ್ಚಿ ನೋಡಿ ಸ್ವಾಮಿ."

ಚುಚ್ಚಿದ. ಅವನ ಕೈ ಜಾರಿತು, ಮರ ಜಗ್ಗಲಿಲ್ಲ. ಓಣಿಯ ಹೆಂಗಸರು ಬೇಲಿ ಬೇಲಿಯಿಂದ ಪಾತ್ರೆ ಬಡಿದು ಅವನನ್ನು ಬೀಳ್ಕೊಟ್ಟರು. ಸಂಜೆ ಬಾಗಿಲು ಎರಡೂ ಕಡೆ ಹಾರುಹೊಡೆದು, ಮುಷ್ಕರದ ದಿನಗಳ ಅದೇ ಹಂಡೆಯಲ್ಲಿ ಎಲೆಕೋಸಿನ ಸೂಪು ಕುದಿಸಿದೆವು. ಆಗಲೂ ಮುಷ್ಕರಕ್ಕೆ ನಿಂತವರಿಗೆಲ್ಲ ದಿನವೂ ಕುದಿಸಿದವರು ನಾವೇ. ಆಗ ನಮ್ಮ ಹೆಸರು ಯಾರೂ ಕೇಳಿರಲಿಲ್ಲ.

ತಗಡಿನ ಬಾಗಿಲು ಕಳಿಸಬೇಡ.

ಹಲೀನಾ

ಮರೆತ ಮಾತು: ನಿನ್ನ ಹೆಸರು ಇದ್ದದ್ದು ಆ ಕೆಳಗಿನ ಅಡ್ಡಹಲಗೆಯ ಮೇಲೆ. ನಾನು ಅಳಿಸಲಿಲ್ಲ, ಕೊಳೆತದ್ದನ್ನು ಕತ್ತರಿಸಿದೆ ಅಷ್ಟೇ. ಹೊಸ ಹಲಗೆಯ ಮೇಲೆ ಸೂಪು ಕುದಿಸಿದವರೆಲ್ಲ ಹೆಸರು ಬರೆದಿದ್ದೇವೆ. ಕಾನ್ಸುಯೆಲೊ ಕೋಳಿಕಾಲಿನ ಅಕ್ಷರದಲ್ಲಿ ಅರ್ಧ ಹಲಗೆ ನುಂಗಿದ್ದಾಳೆ. ಕೊನೆಯ ಹೆಸರು ನನ್ನದು, ಹಲೀನಾ ವೊಯ್ತಾಸ್. ಹೌದು, ಅಪ್ಪನ ಮನೆಯ ಹೆಸರೇ. ಇನ್ನು ಮೇಲೆ ಬರೆಯುವುದಿದ್ದರೆ ಲಕೋಟೆಯ ಮೇಲೂ ಅದನ್ನೇ ಬರೆ.